ಬಾಡುವ ಗಿಡ, ಮಲಗುವ ಗಿಡ

ಮಾರ್ಚ್ 4

ಗಿಡದ ಆಪ್ ತಯಾರಿಸುವ ಕಂಪನಿಯ ದೂರು ವಿಭಾಗದವರಿಗೆ,

‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಬೇಕೆಂದಿದ್ದೆ. ದೂರಿನ ಪತ್ರಕ್ಕೆ ಈ ಸಾಲನ್ನು ಕಾಲೇಜಿನ ಇಂಗ್ಲಿಷ್ ಮೇಷ್ಟರು ಕಲಿಸಿದ್ದರು. ಅದರ ಮುಂದಿನ ಸಾಲು ಮರೆತುಹೋಗಿದೆ. ಆದ್ದರಿಂದ ನಮ್ಮ ಮಾತಿನಲ್ಲೇ ಮುಂದುವರಿಯುತ್ತೇನೆ.

ನಿಮ್ಮ ವಿಳಾಸ ನನಗೆ ಸಿಕ್ಕಿದ್ದು ‘ನಿಬಂಧನೆಗಳು’ ಎಂಬ ಪುಟದ ಕಟ್ಟಕಡೆಯಲ್ಲಿ. ಅದನ್ನು ಭೂತಗನ್ನಡಿ ಹಿಡಿದು ಪೂರ್ತಿ ಓದಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಆಪಿನೊಳಗೆ ದೂರು ಹೇಳಲು ಹೋದರೆ ಒಂದು ಯಂತ್ರ ‘ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ’ ಎಂದಿತು. ನನಗೇ ಅರ್ಥವಾಗದ್ದು ಅದಕ್ಕೆ ಹೇಗೆ ಅರ್ಥವಾಯಿತೋ! ಅದಕ್ಕೇ ಅಂಚೆ.

ನಾನು ದೂರವಾಣಿ ಕೇಂದ್ರದ ದೂರು ವಿಭಾಗದಲ್ಲಿ ಕೂತೇ ತಲೆ ನರೆಸಿಕೊಂಡವನು. ಊರಿನವರ ದೂರನ್ನೆಲ್ಲ ಕೇಳಿ ನಿವೃತ್ತನಾದ ಮೇಲೆ ಈಗ ಮೊದಲ ಸಲ ನನ್ನದೇ ಒಂದು ದೂರು. ನಮ್ಮ ಮನೆಯವಳು ನನ್ನನ್ನು ಕರೆಯುವುದೇ ‘ಕಂಪ್ಲೇಂಟ್ ಸಾಹೇಬ್ರು’ ಎಂದು.

ವಿಷಯಕ್ಕೆ ಬರುತ್ತೇನೆ. ಮನೆಯವಳ ಮೂತ್ರಪಿಂಡದಲ್ಲಿ ಕಲ್ಲಾಗಿ, ಡಾಕ್ಟರು ಚೆನ್ನಾಗಿ ನೀರು ಕುಡಿಯಿರಿ ಎಂದಾಗ ಅವಳು ತನ್ನ ಫೋನಿಗೆ ನಿಮ್ಮ ಗಿಡವನ್ನು ಹಾಕಿಸಿಕೊಂಡಳು. ಒಂದು ಲೋಟ ನೀರು ಕುಡಿದು, ಪರದೆಯ ಮೇಲಿನ ನೀರಿನ ಕ್ಯಾನನ್ನು ಒತ್ತಬೇಕು. ಗಿಡಕ್ಕೆ ಹನಿ ಬೀಳುತ್ತದೆ. ಹನಿ ಸೇರಿ ಎಲೆಯಾಗುತ್ತದೆ. ‘ನೀವೂ ಒಣಗಿದ ಕೊಬ್ಬರಿ ಹಾಗಾಗಿದ್ದೀರಿ’ ಎಂದು ಅದೇ ದಿನ ನನ್ನ ಫೋನಿಗೂ ಒಂದು ನೆಟ್ಟಳು.

ಈಗ ದೂರು. ನನ್ನ ಗಿಡ ನಾನು ಏನೂ ಮಾಡದೆ ಸೊಂಪಾಗಿ ಬೆಳೆಯುತ್ತಿತ್ತು. ಮನೆಯವಳದ್ದು ಒಂದು ಹೊತ್ತು ಮರೆತರೆ ಕತ್ತು ಬಗ್ಗಿಸಿ ಬಾಡುತ್ತಿತ್ತು, ಒಂದು ಹನಿ ಕಣ್ಣೀರನ್ನೂ ಹಾಕುತ್ತಿತ್ತು. ನನ್ನದು ಹಾಗಲ್ಲ, ಎಲೆ ಮಡಚಿ ಮಲಗುತ್ತದೆ ಅಷ್ಟೇ. ಮಕ್ಕಳು ನಿದ್ದೆಯಲ್ಲಿ ಬೆಳೆಯುತ್ತಾರಲ್ಲ, ಹಾಗೆಯೇ ಇದೂ ಮಲಗಿದಲ್ಲೇ ಬೆಳೆಯುವ ಜಾತಿ ಎಂದುಕೊಂಡಿದ್ದೆ. ಕೆಲವು ತಿಂಗಳಿಂದ ಒಂದು ಚಿಗುರೂ ಇಲ್ಲ. ನಾನೇನೂ ಬದಲಾಯಿಸಿಲ್ಲ. ನೀವೇನಾದರೂ ಬದಲಾಯಿಸಿದಿರೋ?

ಎರಡನೆಯದು ದೂರಲ್ಲ, ಬರೀ ಕುತೂಹಲ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಫೋನು, ಒಂದೇ ಆಪು. ಒಂದು ಗಿಡ ಅಳುವುದೇಕೆ, ಇನ್ನೊಂದು ಮಲಗುವುದೇಕೆ? ‘ಕ್ಯೂರಿಯಾಸಿಟಿ’ ಬೆಕ್ಕನ್ನು ಕೊಂದಿತು ಎಂದೋ ಉಳಿಸಿತು ಎಂದೋ ಒಂದು ಮಾತಿದೆಯಲ್ಲ, ನೆನಪಾಗುತ್ತಿಲ್ಲ.

ಮನೆಯವಳು ಈಗ ಅವಳ ಗಿಡವನ್ನು ನೋಡುವುದಿಲ್ಲ. ಅದರ ಉಸ್ತುವಾರಿಯೂ ನನ್ನದೇ. ದಿನಾ ಬೆಳಿಗ್ಗೆ ತಪ್ಪದೆ ಒತ್ತುತ್ತೇನೆ. ಅದು ಅತ್ತರೆ ನನ್ನಿಂದಾಗುವುದಿಲ್ಲ.

ಎರಡೂ ಫೋನಿನ ನಂಬರು ಹಿಂಬದಿಯಲ್ಲಿವೆ.

ಇಂತಿ,
ಒಬ್ಬ ಗ್ರಾಹಕ


ಮಾರ್ಚ್ 21

ಮಾನ್ಯ ಗ್ರಾಹಕರೇ,

ನಿಮ್ಮ ಪತ್ರ ವಿನ್ಯಾಸ ವಿಭಾಗಕ್ಕೆ ಬಂದಿದೆ. ಕಾಗದದ ಮೇಲೆ ಬರೆದ ಪತ್ರ ನಮ್ಮ ಕಚೇರಿಗೆ ಬಂದದ್ದು ಇದೇ ಮೊದಲು. ಎಲ್ಲಿ ಇಡಬೇಕೆಂದು ತಿಳಿಯದೆ ಒಂದು ವಾರ ಕಾಫಿ ಯಂತ್ರದ ಮೇಲಿತ್ತು. ಕ್ಷಮಿಸಿ.

ನಿಮ್ಮ ಗಿಡವನ್ನು ಪರಿಶೀಲಿಸಲಾಗಿದೆ. ದೋಷ ಕಂಡುಬಂದಿಲ್ಲ. ಎರಡು ಗಿಡಗಳ ನಡುವಿನ ವ್ಯತ್ಯಾಸಕ್ಕೆ ಫೋನಿನ ಆವೃತ್ತಿ ಕಾರಣವಿರಬಹುದು.

ನಿಮ್ಮ ಪತ್ನಿ ಆಪ್ ಬಳಸುವುದನ್ನು ಬಿಟ್ಟಿರುವುದು ತಿಳಿದು ಬೇಸರವಾಯಿತು. ಅವರನ್ನು ಮತ್ತೆ ಹುರಿದುಂಬಿಸಲು ಅವರ ಫೋನಿಗೆ ಒಂದು ವಿಶೇಷ ಸಂದೇಶವನ್ನೂ ಚಿನ್ನದ ಬಣ್ಣದ ಕುಂಡವನ್ನೂ ಉಚಿತವಾಗಿ ಕಳುಹಿಸುತ್ತಿದ್ದೇವೆ. ಅವರು ಖಂಡಿತ ಮರಳಿ ಬರುತ್ತಾರೆ.

ವಂದನೆಗಳೊಂದಿಗೆ,
ವಿನ್ಯಾಸ ವಿಭಾಗ


ಮಾರ್ಚ್ 30

ವಿನ್ಯಾಸ ವಿಭಾಗದವರಿಗೆ,

‘ದೋಷ ಕಂಡುಬಂದಿಲ್ಲ’ ಎಂಬುದನ್ನು ಓದಿ ಹಳೆಯ ಗೆಳೆಯ ಬೀದಿಯಲ್ಲಿ ಸಿಕ್ಕ ಹಾಗಾಯಿತು. ನಮ್ಮ ವಿಭಾಗದಲ್ಲಿ ಅದಕ್ಕೆ ರಬ್ಬರ್ ಮೊಹರೇ ಇತ್ತು.

ನಿಮ್ಮ ಕುಂಡ ತಲುಪಿತು. ಸಂದೇಶವೂ ಬಂತು. ಅದು ಬಂದಾಗ ನಾದಿನಿ ಮನೆಯಲ್ಲಿದ್ದಳು. ನಾದಿನಿ ಎಂದರೆ ನನ್ನ ಹೆಂಡತಿಯ ತಂಗಿ. ಎರಡು ಬೀದಿ ಆಚೆ ಔಷಧದ ಅಂಗಡಿ ಇಟ್ಟಿದ್ದಾಳೆ, ಭಾನುವಾರ ಬಂದು ನನ್ನ ಅಡುಗೆಮನೆಯನ್ನು ಬೈದು ಹೋಗುತ್ತಾಳೆ. ಅಕ್ಕನ ಫೋನು ಗುಂಯ್ಗುಟ್ಟಿದ್ದೇ ತಡ, ಎತ್ತಿ ಜೋರಾಗಿ ಓದಿದಳು: ‘ಎಲ್ಲಿ ಹೋದಿರಿ? ನಿಮ್ಮ ಗಿಡ ನಿಮ್ಮನ್ನೇ ನೆನೆದು ಅಳುತ್ತಿದೆ. ಇವತ್ತೇ ಬನ್ನಿ!’

ಓದಿ, ಫೋನನ್ನು ಕವುಚಿ ಹಾಕಿ, ‘ಭಾವ, ಇದನ್ನ ಕಳಿಸಿದೋರು ಯಾರು?’ ಎಂದಳು.

‘ಕಂಪನಿ ಕಣಮ್ಮ.’

‘ಕಂಪನಿಗೆ ಗೊತ್ತಿಲ್ವಾ?’

‘ನಾನು ಹೇಳಿರ್ಲಿಲ್ಲ.’

ಹೌದು, ಹೇಳಿರಲಿಲ್ಲ. ಮನೆಯವಳು ಹೋದ ಆಗಸ್ಟಿನಲ್ಲಿ ತೀರಿಕೊಂಡಳು. ಗಿಡದ ದೂರಿನಲ್ಲಿ ಅದನ್ನು ಬರೆಯುವುದು ಪ್ರಸ್ತುತವಲ್ಲ ಎಂದುಕೊಂಡಿದ್ದೆ. ‘ಇರ‍್ರೆಲೆವೆಂಟ್’ ಎನ್ನುತ್ತಾರಲ್ಲ, ಹಾಗೆ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನನಗೆ ತಿಳಿದುಕೊಳ್ಳಬೇಕಾಗಿದೆ. ಗಿಡಕ್ಕೆ ಕಣ್ಣಿಲ್ಲ. ಹಾಗಿದ್ದ ಮೇಲೆ ಅದರ ಕಣ್ಣೀರನ್ನು ಯಾರೋ ಒಬ್ಬರು ಕುರ್ಚಿಯ ಮೇಲೆ ಕೂತು ಬರೆದಿರಬೇಕು. ಯಾರವರು? ಬರೆಯುವಾಗ ಯಾರ ಮುಖ ಅವರ ಮನಸ್ಸಿನಲ್ಲಿತ್ತು? ಒಂದೇ ಸಲಕ್ಕೆ ಬಂತೋ, ಅಳಿಸಿ ಅಳಿಸಿ ಬರೆದರೋ?

ಇನ್ನು ಆವೃತ್ತಿಯ ವಿಷಯ. ನಾದಿನಿ ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು ನೋಡಿದಳು. ‘ಎರಡೂ ಒಂದೇ ಭಾವ, ಒಂದು ಚುಕ್ಕೆನೂ ವ್ಯತ್ಯಾಸ ಇಲ್ಲ’ ಎಂದಳು. ನಮ್ಮಲ್ಲೂ ಹೇಳಲಾಗದ್ದಕ್ಕೆಲ್ಲ ‘ಕೇಬಲ್ ಹಳೆಯದು’ ಎನ್ನುತ್ತಿದ್ದರು. ನಿಮ್ಮ ಆವೃತ್ತಿ ನಮ್ಮ ಕೇಬಲ್ಲಿನ ತಮ್ಮನಂತೆ ಕಾಣುತ್ತದೆ. ನಿಜ ಹೇಳಿ.

ಇಂತಿ,
ಅದೇ ಗ್ರಾಹಕ


ಮೇ 2

ಹಿರಿಯರೇ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕೆಲಸದ ನೆಪ ಹೇಳಬಹುದು. ಹೇಳುವುದಿಲ್ಲ. ಪತ್ರ ನನ್ನ ಚೀಲದಲ್ಲೇ ಇತ್ತು. ದಿನಾ ಕಚೇರಿಗೆ ಒಯ್ದು ದಿನಾ ಮನೆಗೆ ತರುತ್ತಿದ್ದೆ. ಇದನ್ನು ಕಚೇರಿಯ ಪರವಾಗಿ ಬರೆಯುತ್ತಿಲ್ಲ, ನಾನೇ ಬರೆಯುತ್ತಿದ್ದೇನೆ.

ಕಣ್ಣೀರು ಬರೆದವಳು ನಾನು. ಆ ಸಂದೇಶವನ್ನು ನಿಮ್ಮ ಮನೆಗೆ ಕಳಿಸಿದವಳೂ ನಾನೇ. ಒಂದೇ ಸಲಕ್ಕೆ ಬರಲಿಲ್ಲ. ಮೊದಲ ಹನಿ ತೀರಾ ದಪ್ಪವಾಗಿತ್ತು; ಪಕ್ಕದ ಮೇಜಿನವರು ‘ಏನ್ರೀ ಇದು, ಗಿಡಕ್ಕೆ ನೆಗಡಿಯಾ?’ ಎಂದು ನಕ್ಕರು. ಸಣ್ಣದು ಮಾಡಿದೆ. ಅರ್ಧ ದಾರಿ ಇಳಿದು ನಿಲ್ಲುವ ಹಾಗೆ ಮಾಡಿದೆ. ಹಾಗೆ ನಿಂತಾಗಲೇ ಜನ ಹೆಚ್ಚು ಮರಳಿ ಬಂದರು. ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೂ ಖುಷಿಯಾಗಿತ್ತು. ಯಾರ ಮುಖ ಮನಸ್ಸಿನಲ್ಲಿತ್ತು ಎಂದು ಕೇಳಿದ್ದೀರಿ. ಯಾರದೂ ಇರಲಿಲ್ಲ. ಎಷ್ಟು ಜನ ಎಂಬುದು ಮಾತ್ರ ಇತ್ತು.

ಆವೃತ್ತಿ ಎಂದದ್ದು ಸುಳ್ಳು. ನಿಜ ಇದು: ಅರ್ಧ ಜನಕ್ಕೆ ಬಾಡುವ ಗಿಡ, ಅರ್ಧ ಜನಕ್ಕೆ ಮಲಗುವ ಗಿಡ ಕೊಟ್ಟು, ಯಾರು ಹೆಚ್ಚು ಮರಳಿ ಬರುತ್ತಾರೆ ಎಂದು ನೋಡುತ್ತೇವೆ. ಯಾರಿಗೆ ಯಾವುದು ಎಂಬುದನ್ನು ಯಂತ್ರ ಚೀಟಿ ಎತ್ತಿದ ಹಾಗೆ ಎತ್ತುತ್ತದೆ. ಯಾರನ್ನೂ ಕೇಳುವುದಿಲ್ಲ. ಒಂದೇ ಅಡುಗೆಮನೆಗೆ ಎರಡೂ ಬೀಳಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಈಗ ಲೆಕ್ಕ ಬಂದಿದೆ. ಬಾಡುವ ಗಿಡ ಗೆದ್ದಿದೆ. ಜೂನ್ ಕೊನೆಯ ಸಭೆಯಲ್ಲಿ ಮಲಗುವ ಗಿಡವನ್ನು ತೆಗೆದುಹಾಕಿ ಎಲ್ಲರಿಗೂ ಬಾಡುವುದನ್ನೇ ಕೊಡುವ ತೀರ್ಮಾನವಾಗಬೇಕು. ವಿನ್ಯಾಸ ನನ್ನದಾದ್ದರಿಂದ ಮೊದಲ ಸಹಿ ನನ್ನದು.

ಆದ್ದರಿಂದ ಕೇಳುತ್ತೇನೆ, ದಯವಿಟ್ಟು ಮುಚ್ಚಿಡಬೇಡಿ. ನಿಮ್ಮ ಪತ್ನಿಗೆ ಆ ಕಣ್ಣೀರಿನಿಂದ ತೊಂದರೆಯಾಯಿತೇ?

ಇನ್ನೊಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಮಲಗಿದ ಗಿಡ ಬೆಳೆಯುವುದಿಲ್ಲ. ನಾನೇ ಮಾಡಿದ್ದು, ನನಗೆ ಗೊತ್ತು. ಹನಿ ಬೀಳದೆ ಒಂದು ಚಿಗುರೂ ಬರುವುದಿಲ್ಲ. ನೀವು ಏನೂ ಮಾಡಲಿಲ್ಲ ಎನ್ನುತ್ತೀರಿ, ಗಿಡ ಸೊಂಪಾಗಿತ್ತು ಎನ್ನುತ್ತೀರಿ. ಹಾಗಾದರೆ ನೀರು ಹಾಕುತ್ತಿದ್ದವರು ಯಾರು? ಎಷ್ಟು ಹೊತ್ತಿಗೆ ಒತ್ತಿದ್ದಾರೆ ಎಂಬುದನ್ನು ಇಲ್ಲಿ ಕೂತೇ ನೋಡಬಹುದು. ನೋಡಲಿಲ್ಲ. ನಿಮ್ಮ ಅಡುಗೆಮನೆಗೆ ಕೇಳದೆ ನುಗ್ಗಿದ್ದು ಇಷ್ಟೇ ಸಾಕು.

ಕಣ್ಣೀರು ಬರೆದವಳು


ಮೇ 8

ಅಮ್ಮಾ,

ಹೆಸರು ಬರೆಯದಿದ್ದರೂ ಪರವಾಗಿಲ್ಲ. ನಾನೂ ಬರೆದಿಲ್ಲ. ಲೆಕ್ಕ ಚುಕ್ತಾ.

ಮೊದಲು ಎರಡನೆಯ ಪ್ರಶ್ನೆ. ನಿಮ್ಮ ಗಿಡದಲ್ಲಿ ಏನೋ ಎಡವಟ್ಟಿದೆ, ತನ್ನಷ್ಟಕ್ಕೆ ಬೆಳೆದಿದೆ. ಮನೆಯವಳೇ ಹಾಕಿರಬಹುದು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ತೆಗೆದುಹಾಕಿ. ನನ್ನ ಫೋನು ಅವಳ ಫೋನಿನ ಜತೆ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಬಿದ್ದಿರುತ್ತಿತ್ತು, ನಿಜ. ಆದರೆ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ‘ನಿಮ್ಮ ಫೋನ್ ಮುಟ್ಟಿದ್ರೆ ಸೋಪ್ ಹಾಕಿ ಕೈ ತೊಳ್ಕೋಬೇಕು’ ಎನ್ನುತ್ತಿದ್ದಳು. ಬೆಳಿಗ್ಗೆ ನಾನು ಪೇಪರಿನಲ್ಲಿ ಮುಳುಗಿದರೆ ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ; ಫೋನು ನೆನಪಾಗುವುದು ಮಧ್ಯಾಹ್ನಕ್ಕೇ.

ಮೊದಲನೆಯದು ಕಷ್ಟದ ಪ್ರಶ್ನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶುರುವಿನಲ್ಲಿ ಅವಳಿಗೆ ಅದರಿಂದ ಒಳ್ಳೆಯದೇ ಆಯಿತು. ನೋವಿದ್ದ ದಿನವೂ ‘ಅಯ್ಯೋ, ಅದು ಅಳ್ತಿರುತ್ತೆ ರೀ’ ಎಂದು ಎದ್ದು ಕೂರುತ್ತಿದ್ದಳು. ನಾನು ‘ನಂದು ನೋಡು, ಗೊರಕೆ ಹೊಡೀತಾ ಬೆಳೀತಿದೆ’ ಎಂದು ಅಣಕಿಸುತ್ತಿದ್ದೆ. ‘ಯಜಮಾನನ ಹಾಗೇ ಗಿಡ’ ಎನ್ನುತ್ತಿದ್ದಳು. ಹಾಗೆಂದು ಮುಖ ತಿರುಗಿಸಿ ನಗುತ್ತಿದ್ದಳು. ಯಾಕೆ ನಗುತ್ತಿದ್ದಳೋ.

ಆಮೇಲೆ ಕಾಯಿಲೆ ತಿರುಗಿತು. ಮೂತ್ರಪಿಂಡವೇ ಕೈಕೊಟ್ಟಿತು. ಹೆಚ್ಚು ನೀರು ಕುಡಿಯಿರಿ ಎಂದಿದ್ದ ಡಾಕ್ಟರೇ ಈಗ ಅಳೆದು ಗುಟುಕು ಗುಟುಕಾಗಿ ಕುಡಿಯಿರಿ ಎಂದರು. ಅದನ್ನು ನಿಮ್ಮ ಗಿಡಕ್ಕೆ ಹೇಳುವವರು ಯಾರು? ಅದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ ಕತ್ತು ಬಗ್ಗಿಸಿಕೊಂಡೇ ನಿಂತಿತ್ತು. ಅವಳಿಗೋ ಬಾಯಿ ಒಣಗುತ್ತಿತ್ತು. ಕುಡಿಯದೆಯೇ ಕ್ಯಾನು ಒತ್ತಿ, ‘ಸುಳ್ಳು ಹೇಳ್ದೆ ರೀ ಅದಕ್ಕೆ’ ಎನ್ನುತ್ತಿದ್ದಳು. ಆರಿಸಿಬಿಡೋಣ ಎಂದರೆ ಕೊಡಲಿಲ್ಲ.

ಒಳ್ಳೆಯದಾಯಿತೋ ಕೆಟ್ಟದಾಯಿತೋ, ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ. ಎರಡೂ ಆಯಿತು. ಅದನ್ನು ಕೇಳಿದವರು ನೀವೊಬ್ಬರೇ.

ಇಂತಿ,
ಗ್ರಾಹಕ


ಜೂನ್ 12

ಅಮ್ಮಾ,

ನಿಮ್ಮ ಉತ್ತರ ಬಂದಿಲ್ಲ. ಕೊನೆಯ ಪತ್ರ ನಿಮಗೆ ಭಾರವಾಯಿತೇನೋ. ಸಭೆ ಹತ್ತಿರ ಬಂತೆಂದು ಕಾಯದೆ ಬರೆಯುತ್ತಿದ್ದೇನೆ.

ಹೋದ ವಾರ ನಾನು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದವನು ತಲೆ ತಿರುಗಿ ಬಿದ್ದೆ. ಏನೂ ಆಗಿಲ್ಲ, ಕನ್ನಡಕ ಮಾತ್ರ ಹೋಯಿತು. ನಾದಿನಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ನಾಲಿಗೆ ನೋಡಿ, ಕೈಯ ಚರ್ಮ ಹಿಂಡಿ ನೋಡಿ ಕೇಳಿದರು:

‘ನೀರು ಕುಡೀತೀರಾ?’

‘ದಿನಾ ತಪ್ಪದೆ ಒತ್ತುತ್ತೇನೆ ಡಾಕ್ಟ್ರೇ.’

‘ಏನನ್ನ ಒತ್ತುತ್ತೀರಿ?’

‘ಕ್ಯಾನನ್ನ. ನಮ್ಮ ಮನೆಯವಳ ಫೋನಲ್ಲಿ.’

ಡಾಕ್ಟರು ನಾದಿನಿಯ ಮುಖ ನೋಡಿದರು. ನಾದಿನಿ ತನ್ನ ತಲೆಯ ಹತ್ತಿರ ಬೆರಳು ತಿರುಗಿಸಿದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿದ್ದಾಳೆ.

ಆಟೋದಲ್ಲಿ ಬರುವಾಗ ಬಾಯಿ ಬಿಟ್ಟಳು. ‘ಅಕ್ಕ ಇದ್ದಾಗ ನೀವು ನೀರು ಕುಡೀತಿದ್ರಿ ಭಾವ.’

‘ನಾನಾ? ಯಾವಾಗ?’

‘ಪೇಪರ್ ಓದ್ತಾ. ಪಕ್ಕದಲ್ಲಿ ಲೋಟ ಇಡ್ತಿದ್ಳಲ್ಲ. ನೀವು ಕಣ್ಣೆತ್ತದೆ ಕೈ ಚಾಚಿ ಕುಡಿಯೋರು. ಖಾಲಿ ಲೋಟ ತಗೊಂಡು ಒಳಗೆ ಹೋಗಿ, ನಿಮ್ಮ ಫೋನ್ ಒತ್ತೋಳು. ಎಷ್ಟು ಸಲ ನೋಡಿದೀನಿ! ನಾನೇ ಕೇಳ್ದೆ, ನಿಂದು ಅಳುತ್ತೆ ಸರಿ, ಭಾವಂದು ಸುಮ್ನೆ ಮಲಗುತ್ತಲ್ಲ, ಅದಕ್ಯಾಕೆ ಇಷ್ಟು ಚಾಕರಿ ಅಂತ.’

‘ಏನಂದ್ಳು?’

‘“ಅಳಲ್ಲ ಅಂತ ಬಿಟ್ಬಿಡೋಕಾಗುತ್ತೇನೇ?” ಅಂದ್ಳು.’

ಆಟೋದವನು ಎರಡು ಸಲ ‘ಇಳೀರಿ ಸಾರ್’ ಎನ್ನಬೇಕಾಯಿತು.

ಆ ಲೋಟ ನನಗೆ ಈಗಲೂ ನೆನಪಿಗೆ ಬರುತ್ತಿಲ್ಲ ಅಮ್ಮಾ. ಅದೇ ವಿಚಿತ್ರ. ಅಷ್ಟು ವರ್ಷ ಕೈ ಚಾಚಿದಲ್ಲಿ ಇದ್ದ ಲೋಟ. ಯಾರು ಇಟ್ಟರು ಎಂದು ನಾನು, ಪ್ರಶ್ನೆ ಕೇಳಿ ಕೇಳಿ ಸಂಬಳ ತೆಗೆದುಕೊಂಡವನು, ಒಂದು ದಿನ ಕೇಳಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಅಲ್ಲಿ ನಮ್ಮ ಮನೆ ಹೇಗೆ ಕಾಣುತ್ತಿರಬೇಕು ಎಂದು ಯೋಚಿಸಿದೆ. ಬಾಡುವ ಗಿಡದವಳು ಒಂದು ದಿನವೂ ತಪ್ಪದೆ ಬರುತ್ತಿದ್ದಾಳೆ: ಗೆಲುವು. ಮಲಗುವ ಗಿಡದವನು ಆಗಸ್ಟಿನಿಂದ ಕೈಬಿಟ್ಟಿದ್ದಾನೆ: ಸೋಲು. ಆದರೆ ನಡೆದದ್ದು ತಿರುಗುಮುರುಗು. ನಿಮ್ಮ ಲೆಕ್ಕದಲ್ಲಿ ನನ್ನ ಹೆಂಡತಿ ಇನ್ನೂ ದಿನಾ ನೀರು ಕುಡಿಯುತ್ತಿದ್ದಾಳೆ. ಒತ್ತುತ್ತಿರುವವನು ನಾನು, ಒಣಗುತ್ತಿರುವವನೂ ನಾನೇ. ಇನ್ನು ಆ ಮಲಗುವ ಗಿಡವನ್ನು, ಅದು ಅಳದಿದ್ದರೂ, ಹೆದರಿಸದಿದ್ದರೂ, ಕೊನೆಗೆ ಆಸ್ಪತ್ರೆಗೆ ಹೋಗುವವರೆಗೂ ಒಬ್ಬಳು ಸಾಕಿದಳು.

ಒಂದು ಮನೆಯ ಕಥೆ ಇದು. ಎಲ್ಲ ಮನೆಯೂ ಹೀಗೆ ಎನ್ನುವಷ್ಟು ದಡ್ಡ ನಾನಲ್ಲ. ನಿಮಗೆ ಉಪಯೋಗವಾದರೆ ಉಪಯೋಗಿಸಿ. ‘ಯುವರ್ಸ್ ಫೇತ್‌ಫುಲಿ’ ಎಂದು ಬರೆಯುವುದು ಗುರುತಿಲ್ಲದವರಿಗೆ, ‘ಸಿನ್ಸಿಯರ್ಲಿ’ ಗುರುತಿದ್ದವರಿಗೆ ಎಂದು ಮೇಷ್ಟರು ಹೇಳಿದ್ದರು. ಉಲ್ಟಾ ಇದ್ದರೂ ಇರಬಹುದು.

ಸಿನ್ಸಿಯರ್ಲಿ,
ಕಂಪ್ಲೇಂಟ್ ಸಾಹೇಬ್ರು


ಜುಲೈ 6

ಸಾಹೇಬ್ರೇ,

ಮೊದಲು ಹೇಳಿ, ಇವತ್ತು ನೀರು ಕುಡಿದಿರಾ? ಒತ್ತಿದಿರಾ ಎಂದು ಕೇಳುತ್ತಿಲ್ಲ.

ನಿಮ್ಮ ಮೇ ತಿಂಗಳ ಪತ್ರ ಓದಿ ಉತ್ತರ ಬರೆಯಲಾಗಲಿಲ್ಲ. ಆ ಆಸ್ಪತ್ರೆಯ ಹಾಸಿಗೆ ಕಣ್ಣಿಗೆ ಕಟ್ಟಿತ್ತು. ಯಾರ ಮುಖವೂ ಇಲ್ಲದೆ ಬರೆದ ಹನಿಗೆ ಈಗ ಮುಖವೂ ಬಂತು, ಒಣಗಿದ ಬಾಯಿಯೂ ಬಂತು.

ಸಭೆಯಲ್ಲಿ ನಿಮ್ಮ ಮನೆಯ ವಿಷಯ ಹೇಳಿದೆ. ನೀವು ಒಪ್ಪಿದಷ್ಟು ಮಾತ್ರ. ನಮ್ಮ ಮುಖ್ಯಸ್ಥರು ಪೆನ್ನು ತಿರುಗಿಸುತ್ತಾ, ‘ಒಬ್ಬರ ಮನೆ ಕಥೆ ಇಟ್ಕೊಂಡು ಇಷ್ಟು ಜನರ ಲೆಕ್ಕ ಅಲ್ಲಾಡಿಸ್ತೀಯೇನಮ್ಮ?’ ಎಂದರು.

‘ಆ ಇಷ್ಟು ಜನರಲ್ಲಿ ಬದುಕಿರೋರು ಎಷ್ಟು ಸಾರ್?’ ಎಂದೆ.

ಒಬ್ಬರು ನಕ್ಕರು. ಲೆಕ್ಕ ಮಾಡಿದ ಹುಡುಗಿ ನಗಲಿಲ್ಲ. ‘ಸಾರ್, ಒತ್ತಿದ್ದು ಗೊತ್ತು ನಮಗೆ. ಕುಡಿದದ್ದು ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ’ ಎಂದಳು. ಪೆನ್ನು ನಿಂತಿತು.

ನಾನು ಸಹಿ ಹಾಕಲಿಲ್ಲ. ಗೆದ್ದೆ ಎಂದು ತಿಳಿಯಬೇಡಿ. ಬಾಡುವ ಗಿಡ ಇರುತ್ತದೆ. ಕೆಲವರಿಗೆ ಅದು ಬೇಕೇ ಬೇಕು, ಶುರುವಿನಲ್ಲಿ ನಿಮ್ಮ ಪತ್ನಿಗೆ ಬೇಕಾದ ಹಾಗೆ. ಆದರೆ ಚೀಟಿ ಎತ್ತುವುದು ನಿಂತಿತು. ಇನ್ನು ಮೇಲೆ ಯಾವ ಗಿಡ ಬೇಕೆಂದು ಮೊದಲೇ ಕೇಳುತ್ತೇವೆ, ಹಳಬರನ್ನೂ ಕೇಳುತ್ತೇವೆ. ಕಣ್ಣೀರನ್ನು ನಾನೇ ತೆಗೆದೆ. ವರ್ಷದ ಕೊನೆಗೆ ಮತ್ತೆ ಎಣಿಸುತ್ತಾರಂತೆ. ಜನ ಕಡಿಮೆಯಾದರೆ ಹನಿ ಮರಳಿ ಬರಬಹುದು, ಬೇರೆಯವರ ಕೈಯಿಂದ. ನನ್ನನ್ನು ಗಿಡದ ಕೆಲಸದಿಂದ ಬಿಡಿಸಿದ್ದಾರೆ. ಈಗ ನಿಬಂಧನೆಗಳ ಪುಟ ನನ್ನ ಪಾಲಿಗೆ ಬಂದಿದೆ. ಅಕ್ಷರ ದೊಡ್ಡದು ಮಾಡುತ್ತಿದ್ದೇನೆ. ಭೂತಗನ್ನಡಿ ಎತ್ತಿಡಿ.

ಹನಿ ಬರೆದವಳು, ಅಳಿಸಿದವಳು


ಆಗಸ್ಟ್ 19

ಮಗಳೇ,

ಅಕ್ಷರ ದೊಡ್ಡದಾಗಿದೆ. ಪೂರ್ತಿ ಓದಿದೆ. ಮೂರನೇ ಪ್ಯಾರಾದಲ್ಲಿ ಒಂದು ಮಾತು ಎರಡು ಸಲ ಬಂದಿದೆ. ಇದು ದೂರಲ್ಲ.

ನಿಮ್ಮ ಪ್ರಶ್ನೆ ಇವತ್ತು ಬೆಳಿಗ್ಗೆ ಎರಡೂ ಫೋನಿಗೆ ಒಟ್ಟಿಗೆ ಬಂತು. ‘ನೀವು ಬಾರದಿದ್ದಾಗ ಗಿಡ ಏನು ಮಾಡಬೇಕು? ಬಾಡಲಿ. ಮಲಗಲಿ.’ ಎಷ್ಟು ಸರಳವಾಗಿ ಕೇಳಿದ್ದೀರಿ! ಆದರೆ ಅವಳ ಫೋನು ಹಿಡಿದುಕೊಂಡು ಕೂತವನಿಗೆ ಕೈ ಓಡಲಿಲ್ಲ. ಕೇಳಬೇಕಾದವಳನ್ನು ಕೊನೆಗೂ ಒಬ್ಬರು ಕೇಳಿದರು. ಉತ್ತರ ಕೊಡಲು ಅವಳಿಲ್ಲ.

ನಾದಿನಿಗೆ ಫೋನು ಮಾಡಿದೆ. ‘ನಿನ್ನ ಅಕ್ಕ ಏನು ಒತ್ತುತ್ತಿದ್ದಳು?’

‘ಬಾಡ್ಲಿ ಅಂತಾನೇ ಒತ್ತೋಳು. ಕಷ್ಟ ಇಲ್ದಿದ್ರೆ ಅವಳಿಗೆ ರುಚಿಸ್ತಿರಲಿಲ್ಲ.’ ಅಂಗಡಿಗೆ ಬಂದವರಿಗೆ ಚಿಲ್ಲರೆ ಕೊಟ್ಟು ಮತ್ತೆ ಫೋನಿಗೆ ಬಂದಳು. ‘ಆಸ್ಪತ್ರೆಲಿ ಕೇಳಿದ್ರೆ ಬೇರೆ ಹೇಳ್ತಿದ್ಳೇನೋ. ಯಾರಿಗ್ಗೊತ್ತು ಭಾವ, ಒತ್ತಿ ಯಾವುದೋ ಒಂದು.’

‘ಮಲಗಲಿ’ ಒತ್ತಿದೆ. ಅವಳ ಗಿಡ ಒಂದೊಂದೇ ಎಲೆ ಮಡಚಿಕೊಂಡಿತು. ಎಷ್ಟು ದಿನದಿಂದ ಎದ್ದು ಕೂತಿತ್ತೋ ಪಾಪ. ಫೋನನ್ನು ಚಾರ್ಜಿನಿಂದ ಬಿಡಿಸಿ ಅವಳ ಕನ್ನಡಕದ ಪಕ್ಕ ಇಟ್ಟೆ.

ಆಮೇಲೆ ಪೇಪರಿನ ಪಕ್ಕ ಒಂದು ಲೋಟ ನೀರನ್ನು ನಾನೇ ತಂದಿಟ್ಟುಕೊಂಡೆ. ಕಣ್ಣೆತ್ತದೆ ಕೈ ಚಾಚಿ ನೋಡಿದೆ. ಕೈಗೆ ಜಾಗ ಗೊತ್ತಿತ್ತು ಮಗಳೇ! ತಲೆಗೆ ನೆನಪಿಲ್ಲದ್ದು ಕೈಗೆ ಇನ್ನೂ ನೆನಪಿದೆ. ಕುಡಿದೆ. ಕುಡಿದು, ಎದ್ದು ಒಳಗೆ ಹೋಗಿ, ನನ್ನ ಫೋನನ್ನು ಒತ್ತಿದೆ.

ಚಿಗುರು ಇನ್ನೂ ಬಂದಿಲ್ಲ. ಎಷ್ಟು ಲೋಟಕ್ಕೆ ಒಂದು ಎಲೆ ಎಂದು ನನಗೆ ಈಗಲೂ ಗೊತ್ತಿಲ್ಲ. ಹೇಳಬೇಡಿ. ನಾನೇ ಕುಡಿದು ನೋಡುತ್ತೇನೆ.

ಸಿನ್ಸಿಯರ್ಲಿ,
ಸಾಹೇಬ್ರು